ಹುಕ್ಕು ಗಟ್ಟಿ ಇದ್ರೆ ಸಾಲದು, ಚಾಸಿ ಹಿಡ್ಕೋಬೇಕು

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್ ನಮಸ್ಕಾರ. ನಮ್ದು ಮಲೇಬೆನ್ನೂರು ಹತ್ರ, ಭದ್ರಾ ನಾಲೆ ನೀರಿನ ಗದ್ದೆ. ಫೋರ್ ಬೈ ಫೋರ್ ಪಿಕಪ್ ಇಟ್ಕೊಂಡೀನಿ, ಗೊಬ್ಬರ, ಭತ್ತದ ಚೀಲ ಹೇರೋಕೂ ಅದೇ, ಹುಡುಗ್ರ ಜೊತೆ ಆಫ್‌ರೋಡ್ ಹೋಗೋಕೂ ಅದೇ. ಹೋದ ಮಳೆಗಾಲದಾಗ ನಾಲೆ ಏರಿ ಪಕ್ಕ ಎರೆ ಮಣ್ಣಿನಾಗ ಗಾಲಿ ಪೂರ್ತಿ ಕುಂತ್ಬಿಡ್ತು. ಟ್ರ್ಯಾಕ್ಟರ್ ತರ್ಸಿ ಸರಪಣಿ ಹಾಕಿ ಎಳ್ಸಿದ್ವಿ, ಬರ್ಲಿಲ್ಲ, ಆಮೇಲೆ ಸರಪಣಿ ಸಡಿಲ ಬಿಟ್ಟು ಜಗ್ಗಿ ಜಗ್ಗಿ ಎಳೆಯೋವಾಗ ಮುಂದಿನ ಬಲಗಡೆ ಹುಕ್ಕು ಕಿತ್ಕೊಂಡು ಹೋಗಿ ಟ್ರ್ಯಾಕ್ಟರ್ ಮಡ್‌ಗಾರ್ಡಿಗೆ ಬಡೀತು. ಪುಣ್ಯಕ್ಕೆ ಯಾರಿಗೂ ಏನೂ ಆಗ್ಲಿಲ್ಲ. ಈಗ ಮುಂದೆ 12,000 ಪೌಂಡಿನ ವಿಂಚ್, ಅದೇ ಹಗ್ಗ ಸುತ್ತಿ ಗಾಡಿ ಎಳೆಯೋ ಮೋಟಾರು, ಹಾಕ್ಸ್ಬೇಕು ಅಂತ ಐತಿ. ವೆಲ್ಡಿಂಗ್ ಶಾಪಿನೋರು 12 ಎಂಎಂ ಪ್ಲೇಟಿನಾಗ ಹೊಸ ಹುಕ್ಕು ಮಾಡಿ ಚಾಸಿಗೇ ವೆಲ್ಡ್ ಮಾಡ್ಕೊಡ್ತೀವಿ, ಆನೆ ಎಳದ್ರೂ ಬರಲ್ಲ ಅಂತಾರೆ. ಮಾಡಿಸ್ಬೋದಾ? ಕಿತ್ತು ಬಂದ ಹುಕ್ಕಿನ ಫೋಟೋ ಕಳ್ಸೀನಿ, ನೋಡಿ ಹೇಳ್ರಿ.

ಉತ್ತರ: ಫೋಟೋ ಕಳ್ಸಿದ್ದು ಬಹಳ ಒಳ್ಳೇದಾಯ್ತು, ಯಾಕಂದ್ರೆ ಉತ್ತರ ಅದರಲ್ಲೇ ಇದೆ. ನಿಮ್ಮ ಹುಕ್ಕು ಮುರಿದಿಲ್ಲ ನೋಡಿ. ಹುಕ್ಕು ಹೆಂಗಿತ್ತೋ ಹಂಗೇ ಇದೆ, ಎರಡು ಬೋಲ್ಟೂ ಅದರಲ್ಲೇ ಇದಾವೆ, ಆ ಬೋಲ್ಟಿನ ಸುತ್ತ ಅಂಗೈ ಅಗಲದ ಒಂದು ತಗಡು ಹರ್ಕೊಂಡು ಬಂದಿದೆ, ಅದು ಚಾಸಿಯ ಕೆಳಗಿನ ಗೋಡೆ. ಇನ್ನೂ ಹತ್ತಿರದಿಂದ ನೋಡಿದ್ರೆ ಹಿಂದಿನ ಬೋಲ್ಟಿನ ಪಕ್ಕ ಹರಿದ ಅಂಚು ಕಪ್ಪಗೆ ತುಕ್ಕು ಹಿಡಿದಿದೆ, ಉಳಿದ ಅಂಚೆಲ್ಲ ಬೆಳ್ಳಗೆ ಹೊಳೀತಿದೆ. ಅಂದ್ರೆ ಅಲ್ಲಿ ಸೀಳು ಅವತ್ತು ಬಿದ್ದಿದ್ದಲ್ಲ, ಮೊದಲೇ ಇತ್ತು, ನೀರು ಹೋಗಿ ತುಕ್ಕು ಹಿಡಿಯುವಷ್ಟು ಕಾಲ ಇತ್ತು, ಅವತ್ತಿನ ಜಗ್ಗಾಟಕ್ಕೆ ಉಳಿದ ಭಾಗ ಹರೀತು. ಗೋಡೆ ಹರಿದಿರೋವಾಗ ಹುಕ್ಕನ್ನ 12 ಎಂಎಂ ಮಾಡಿ ಏನು ಪ್ರಯೋಜನ? ಮತ್ತೆ ಅದೇ ಗೋಡೆಗೇ ಹಚ್ಚಿದ್ರೆ ಮುಂದಿನ ಸಲ ಇನ್ನೂ ಭಾರದ ಕಬ್ಬಿಣ ಹಾರಿ ಬರುತ್ತೆ, ಅಷ್ಟೇ.

ಮೊದಲು ಆ ಹುಕ್ಕು ಏನಕ್ಕೆ ಕೊಟ್ಟಿದ್ದು ಅಂತ ತಿಳ್ಕೊಳ್ಳಿ. ಬಹಳ ಗಾಡಿಗಳಲ್ಲಿ ಮುಂದೆ ಕೆಳಗೆ ಕಾಣೋ ಹುಕ್ಕು ಇರೋದು ಫ್ಯಾಕ್ಟರಿಯಿಂದ ಟ್ರೇಲರ್ ಮೇಲೆ ಸಾಗಿಸೋವಾಗ ಗಾಡಿನ ಕೆಳಮುಖವಾಗಿ ಬಿಗಿದು ಕಟ್ಟೋಕೆ. ಕೆಸರಿಂದ ಮುಂದಕ್ಕೆ ಎಳೆಯೋಕೆ ಬೇಕಾಗಿರೋದು ಬೇರೆ ವಸ್ತು, ಅದಕ್ಕೆ ರಿಕವರಿ ಪಾಯಿಂಟ್ ಅಂತಾರೆ. ಕೆಲವು ಗಾಡಿಗೆ ಕಂಪನಿಯವರೇ ನಿಜವಾದ ರಿಕವರಿ ಪಾಯಿಂಟ್ ಕೊಟ್ಟಿರ್ತಾರೆ, ಓನರ್ ಮ್ಯಾನುಯಲ್ ತೆಗೆದು ನೋಡಿದ್ರೆ ಯಾವುದು ಯಾವುದಕ್ಕೆ ಅಂತ ಬರೆದಿರುತ್ತೆ.

ಈಗ ಲೆಕ್ಕ. ನಿಮ್ಮ ಹುಕ್ಕು ಚಾಸಿಯಿಂದ 10 ಸೆಂಟಿಮೀಟರ್ ಕೆಳಗೆ ನೇತಾಡ್ತಿತ್ತು, ಬೋಲ್ಟುಗಳ ಮಧ್ಯ ಅಂತರ 5 ಸೆಂಟಿಮೀಟರ್ ಅಂತ ಇಟ್ಕೊಳ್ಳಿ, ಫೋಟೋದಲ್ಲಿ ಹೆಚ್ಚುಕಡಿಮೆ ಹಂಗೇ ಕಾಣುತ್ತೆ. 4 ಟನ್ ಎಳೆತ ಮುಂದಕ್ಕೆ ಬಿತ್ತು ಅಂದ್ರೆ ಹುಕ್ಕು ಮುಂದಿನ ಬೋಲ್ಟಿನ ಮೇಲೆ ತಿರುಗೋಕೆ ನೋಡುತ್ತೆ, ಹಿಂದಿನ ಬೋಲ್ಟನ್ನ ಕೆಳಕ್ಕೆ ಜಗ್ಗುತ್ತೆ, ಆ ಜಗ್ಗು 8 ಟನ್ ಹತ್ರ ಹೋಗುತ್ತೆ. 8.8 ಗ್ರೇಡಿನ (ಗ್ರೇಡ್ ಅಂದ್ರೆ ಬೋಲ್ಟಿನ ಗಟ್ಟಿತನದ ನಂಬರು) 12 ಎಂಎಂ ಬೋಲ್ಟು ಕೆಡದೆ ತಡೆಯೋದು ಸುಮಾರು 5 ಟನ್, 10.9 ಗ್ರೇಡ್ ಆದ್ರೆ ಸುಮಾರು 7. ಅದಕ್ಕೆ ಮುಂಚೆನೇ 3 ಎಂಎಂ ಗೋಡೆ ಸೋತಿರುತ್ತೆ, 12 ಎಂಎಂ ಬೋಲ್ಟು ಅಂಥಾ ಒಂದು ಗೋಡೆನ ಪಕ್ಕಕ್ಕೆ ಒತ್ತಿದ್ರೆ ಒಂದೂವರೆ ಎರಡು ಟನ್ನಿಗೆಲ್ಲ ತೂತು ಮೊಟ್ಟೆ ಆಕಾರ ಆಗೋಕೆ ಶುರು. ಅದೇ ಬೋಲ್ಟುಗಳನ್ನ 15 ಸೆಂಟಿಮೀಟರ್ ದೂರ ಇಟ್ಟಿದ್ರೆ 8 ಟನ್ ಇದ್ದಿದ್ದು 2.7 ಟನ್ನಿಗೆ ಇಳೀತಿತ್ತು. ಕಬ್ಬಿಣ ಒಂದು ಗ್ರಾಮೂ ದಪ್ಪ ಮಾಡದೆ ಬರೀ ಉದ್ದ ಮಾಡಿದ್ದಕ್ಕೆ ಸಿಗೋ ಲಾಭ ಅದು.

ಇನ್ನು ಸರಪಣಿ ಜಗ್ಗಾಟ. ಇದನ್ನ ನಮ್ಮ ಕಡೆ ಎಲ್ಲಾರೂ ಮಾಡ್ತಾರೆ, ದಯವಿಟ್ಟು ಬಿಟ್ಬಿಡಿ. ಎರಡೂವರೆ ಟನ್ನಿನ ಟ್ರ್ಯಾಕ್ಟರ್ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹೋಗಿ ಸರಪಣಿ ಬಿಗಿ ಆಗಿ 10 ಸೆಂಟಿಮೀಟರಲ್ಲಿ ನಿಂತ್ರೆ ಹುಕ್ಕಿನ ಮೇಲೆ ಬೀಳೋ ಸರಾಸರಿ ಎಳೆತವೇ 10 ಟನ್ ಹತ್ರ, ಗರಿಷ್ಠ ಅದಕ್ಕೂ ಮೇಲೆ. ಸರಪಣಿ ಹಿಗ್ಗಲ್ಲ, ಹಂಗಾಗಿ ಹಿಗ್ಗೋದು ಹರಿಯೋದು ಎಲ್ಲಾ ಚಾಸಿನೇ. ಅದೇ ಜಾಗದಲ್ಲಿ ಹಿಗ್ಗೋ ನೈಲಾನ್ ಕೈನೆಟಿಕ್ ರೋಪ್ ಇದ್ದು ಒಂದೂವರೆ ಮೀಟರ್ ಹಿಗ್ಗಿ ನಿಲ್ಸಿದ್ರೆ ಸರಾಸರಿ ಮುಕ್ಕಾಲು ಟನ್ನೂ ದಾಟಲ್ಲ. ಸರಪಣಿನೇ ಇರೋದು ಅಂದ್ರೆ ಮೊದಲು ಬಿಗಿ ಮಾಡ್ಕೊಂಡು, ಆಮೇಲೆ ಲೋ ಗೇರಲ್ಲಿ ನಿಧಾನಕ್ಕೆ, ಒಂದೇ ಸಮ ಎಳೀಬೇಕು. ಮುಂಚೆ ಗಾಲಿ ಮುಂದಿನ ಮಣ್ಣು ಗುದ್ದಲೀಲಿ ತೆಗೀರಿ, ಎರೆ ಮಣ್ಣಲ್ಲಿ ಅರ್ಧ ಕೆಲಸ ಅದೇ.

ಸರಿ, ಈಗ ಏನು ಮಾಡ್ಸೋದು. ಮೊದಲನೇ ಕೆಲಸ ಹೊಸ ಹುಕ್ಕಲ್ಲ, ಹರಿದ ಚಾಸಿ ರಿಪೇರಿ. ಬಂಪರ್ ಬಿಚ್ಚಿಸಿ, ಎರಡೂ ಕಡೆ ಚಾಸಿ ತುದಿ ವೈರ್ ಬ್ರಷ್ಷಲ್ಲಿ ಬಣ್ಣ ಹೋಗೋ ತನಕ ಉಜ್ಜಿಸಿ. ಎಡಗಡೆನೂ ನೋಡ್ಬೇಕು, ಯಾಕಂದ್ರೆ ಅದೂ ಎಳೆತ ತಿಂದಿರ್ಬೋದು. ಬಣ್ಣದಲ್ಲಿ ಕೂದಲೆಳೆ ಥರ ಗೆರೆ, ಗೆರೆಯಿಂದ ಕೆಂಪು ನೀರು ಇಳಿದ ಕಲೆ ಕಂಡ್ರೆ ಅದು ಸೀಳು ಅಂತಲೇ ತಿಳೀರಿ. ಸೀಳಿನ ತುದೀಲಿ ಸಣ್ಣ ತೂತು ಹೊಡೆದು ಅದು ಮುಂದಕ್ಕೆ ಓಡದ ಹಂಗೆ ಮಾಡಿ, ಗ್ರೈಂಡರಲ್ಲಿ ಸೀಳು ಪೂರ್ತಿ ತೆಗೆದು ವೆಲ್ಡಿಂಗ್ ತುಂಬಿಸಿ, ಸಮ ಮಾಡಿ, ಅದರ ಮೇಲೆ 6 ಎಂಎಂ ಪ್ಲೇಟು ಕೂರಿಸ್ಬೇಕು. ಪ್ಲೇಟು ಚೌಕ ಬೇಡ. ಎರಡೂ ತುದಿ ಚೂಪಾಗಿ ಇರೋ ಹಂಗೆ ಮೀನಿನ ಆಕಾರದಲ್ಲಿ ಕತ್ತರಿಸಿದ್ರೆ ದಪ್ಪ ಒಂದೇ ಜಾಗದಲ್ಲಿ ಥಟ್ಟನೆ ಮುಗಿಯಲ್ಲ, ಭಾರ ನಿಧಾನಕ್ಕೆ ಚಾಸಿಗೆ ಇಳಿಯುತ್ತೆ. ಚಾಸಿಗೆ ಅಡ್ಡ, ಮೇಲಿಂದ ಕೆಳಗೆ ನೇರ ಗೆರೆ ಎಳೆದಂಗೆ ವೆಲ್ಡ್ ಹೊಡಿಬಾರದು, ಮುಂದೆ ಸೀಳೋದು ಅದೇ ಗೆರೆ ಪಕ್ಕದಲ್ಲಿ. ಉದ್ದುದ್ದಕ್ಕೆ ಹೊಡಿಸಿ, ಮೇಲಿನ ಕೆಳಗಿನ ಮಡಿಕೆ ಇನ್ನೂ 20 ಎಂಎಂ ದೂರ ಇರೋವಾಗಲೇ ನಿಲ್ಲಿಸಿ.

ರಾಡ್ ವಿಷಯ ಶಾಪಲ್ಲಿ ನಿಂತು ಕೇಳ್ರಿ. ಗೇಟು ಗ್ರಿಲ್ಲು ಮಾಡೋ 6013 ರಾಡು ಇದಕ್ಕೆ ನನಗೆ ಒಪ್ಪಿಗೆ ಇಲ್ಲ. 7018 ಹಾಕ್ಸಿ, ಅದೂ ಒಣಗಿದ್ದು ಇರ್ಬೇಕು, ಮಳೆಗಾಲದಲ್ಲಿ ಪ್ಯಾಕೆಟ್ ಒಡೆದು ಹೊರಗೆ ಬಿದ್ದಿದ್ದ ರಾಡು ತೇವ ಕುಡಿದಿರುತ್ತೆ, ಆ ತೇವವೇ ವೆಲ್ಡಿಂಗ್ ಒಳಗೆ ಸೀಳು ತರುತ್ತೆ. ಸಿಓಟು ವೆಲ್ಡಿಂಗ್ ಇರೋ ಶಾಪ್ ಸಿಕ್ರೆ ಅದೂ ಒಳ್ಳೇದು. ವೆಲ್ಡ್ ಶುರು ಮಾಡೋ ಮುಂಚೆ ಬ್ಯಾಟರಿ ಎರಡೂ ಟರ್ಮಿನಲ್ ಬಿಚ್ಚಿ, ಅರ್ತ್ ಕ್ಲ್ಯಾಂಪು ಕೆಲಸದ ಪಕ್ಕದಲ್ಲೇ ಹಾಕ್ಸಿ, ಇಲ್ಲಾಂದ್ರೆ ಇಸಿಯು, ಅಂದ್ರೆ ಇಂಜಿನ್ನಿನ ಕಂಪ್ಯೂಟರ್, ಸುಟ್ಟು ಇದಕ್ಕಿಂತ ದೊಡ್ಡ ಖರ್ಚು ಬರುತ್ತೆ. ಚಾಸಿ ಗುಂಟ ಬ್ರೇಕ್ ಪೈಪು, ವೈರಿಂಗ್ ಹೋಗಿದ್ರೆ ಸರಿಸಿ ಮುಚ್ಚಬೇಕು.

ರಿಕವರಿ ಪಾಯಿಂಟನ್ನ ವೆಲ್ಡ್ ಮಾಡಿಸ್ಬೇಡಿ, ಬೋಲ್ಟಲ್ಲೇ ಕೂರಿಸಿ. ಬೋಲ್ಟಾದ್ರೆ ಬಿಚ್ಚಿ ನೋಡ್ಬೋದು, ಕೆಟ್ರೆ ಬದಲಾಯಿಸ್ಬೋದು. ನಿಮ್ಮ ಮಾಡೆಲ್ಲಿಗೆ ಅಂತಲೇ ಬರೋ, ಚಾಸಿಯಲ್ಲಿ ಆಗಲೇ ಇರೋ ತೂತುಗಳಿಗೆ ಕೂರೋ ಕಿಟ್ ಸಿಕ್ರೆ ಅದನ್ನೇ ತಗೊಳ್ಳಿ. ಇಲ್ಲಾಂದ್ರೆ ತೂತು ಚಾಸಿಯ ನಿಂತ ಗೋಡೆಗೆ, ಅಂದ್ರೆ ಪಕ್ಕದ ಮುಖಕ್ಕೆ ಹೊಡಿಸಿ, ಮೇಲಿನ ಕೆಳಗಿನ ಮುಖಕ್ಕೆ ಬೇಡ, ಚಾಸಿ ಬಾಗದಂಗೆ ಹಿಡಿಯೋದೇ ಆ ಎರಡು ಮುಖ. ಬೋಲ್ಟು ಆ ಕಡೆಯಿಂದ ಈ ಕಡೆಗೆ ಪೂರ್ತಿ ದಾಟಿ ಬರ್ಲಿ. ಇಲ್ಲಿ ಬಹಳ ಜನ ಬಿಡೋ ಕೆಲಸ ಒಂದಿದೆ: ಚಾಸಿ ಪೆಟ್ಟಿಗೆ ಥರ ಟೊಳ್ಳು, ಬೋಲ್ಟು ಬಿಗಿ ಮಾಡ್ತಾ ಹೋದಂಗೆ ಎರಡು ಗೋಡೆ ಒಳಕ್ಕೆ ಅಮುಕಿ ಹೋಗುತ್ತೆ, ಟಾರ್ಕ್, ಅಂದ್ರೆ ಬಿಗಿತ, ಬಂದಂಗೆ ಕಾಣುತ್ತೆ ಆದ್ರೆ ಹಿಡಿತ ಬಂದಿರಲ್ಲ, ನಾಲ್ಕು ದಿನಕ್ಕೆ ಸಡಿಲ. ಅದಕ್ಕೆ ಒಳಗೆ ದಪ್ಪ ಗೋಡೆಯ ಪೈಪ್ ತುಂಡು, ಬುಷ್ ಥರ, ಚಾಸಿ ಅಗಲಕ್ಕೆ ಸರಿಯಾಗಿ ಲೇತಲ್ಲಿ ಕಡಿಸಿ ಕೂರಿಸಿ ಎರಡೂ ತುದಿ ವೆಲ್ಡ್ ಮಾಡ್ಸಿ. ಈಗ ಬೋಲ್ಟು ಬಿಗಿದಷ್ಟೂ ಬಲ ಪೈಪಿನ ಮೇಲೆ ಕೂರುತ್ತೆ. 10.9 ಗ್ರೇಡಿನ 12 ಎಂಎಂ ಬೋಲ್ಟಾದ್ರೆ ಸುಮಾರು 110 ನ್ಯೂಟನ್ ಮೀಟರಿಗೆ ಟಾರ್ಕ್ ರೆಂಚಲ್ಲಿ ಬಿಗಿಸಿ, ಪೈಪ್ ಹಾಕಿ ಕಾಲಲ್ಲಿ ಒದ್ದು ಬಿಗಿಯೋದು ಬೇಡ. ಬೋಲ್ಟಿನ ತಲೆ ಮೇಲೆ ಗ್ರೇಡ್ ಅಚ್ಚಾಗಿರುತ್ತೆ, ಅಚ್ಚಿಲ್ಲದ ಬೋಲ್ಟು ಈ ಕೆಲಸಕ್ಕೆ ತಗೋಬೇಡಿ.

ಹುಕ್ಕಿನ ಕಿವಿಗೆ, ಅಂದ್ರೆ ಶ್ಯಾಕಲ್ ಸಿಗಿಸೋ ತೂತಿರೋ ಪ್ಲೇಟಿಗೆ ಬಂದ್ರೆ, ಮುಕ್ಕಾಲು ಇಂಚಿನ ಡಿ ಶ್ಯಾಕಲ್ (ಪಿನ್ನು ಹಾಕಿ ಮುಚ್ಚೋ ಕಬ್ಬಿಣದ ಕೊಂಡಿ), ಮೇಲೆ 4.75 ಟನ್ ಅಂತ ಅಚ್ಚು ಇರೋದು, ಅದರ ಪಿನ್ನು 22 ಎಂಎಂ, ಬಾಯಿ ಅಗಲ 32 ಎಂಎಂ ಹತ್ರ. ಅದರೊಳಗೆ 12 ಎಂಎಂ ಪ್ಲೇಟು ಹಾಕಿದ್ರೆ ಶ್ಯಾಕಲ್ ಓರೆಯಾಗುತ್ತೆ, ಎಳೆತ ಒಂದೇ ಅಂಚಿಗೆ ಬೀಳುತ್ತೆ. ತೂತಿನ ಎರಡೂ ಪಕ್ಕ 6 ಎಂಎಂ ಬಿಲ್ಲೆ ವೆಲ್ಡ್ ಮಾಡಿ 24 ಎಂಎಂ ಮಾಡಿದ್ರೆ ನೇರ ಕೂರುತ್ತೆ. ತೂತನ್ನ ಗ್ಯಾಸ್ ಕಟರಲ್ಲಿ ತೆಗೀಬೇಡಿ, ಡ್ರಿಲ್ ಹೊಡಿಸಿ, ತೂತಿನ ಮಧ್ಯದಿಂದ ಪ್ಲೇಟಿನ ಅಂಚಿಗೆ ತೂತಿನ ಅಗಲದ ಒಂದೂವರೆ ಪಟ್ಟಾದ್ರೂ ಕಬ್ಬಿಣ ಉಳೀಬೇಕು. ಅಂಚೆಲ್ಲ ಫೈಲಲ್ಲಿ ಉಜ್ಜಿ ದುಂಡಗೆ ಮಾಡ್ಸಿ, ಹಗ್ಗದ ಸಾಫ್ಟ್ ಶ್ಯಾಕಲ್ ಹಾಕೋ ದಿನ ಬಂದ್ರೆ ಚೂಪು ಅಂಚು ಅದನ್ನ ಕತ್ತರಿಸಿ ಹಾಕುತ್ತೆ.

ಎರಡೂ ಕಡೆ ಪಾಯಿಂಟ್ ಹಾಕಿ, ಎರಡಕ್ಕೂ ಬೆಲ್ಟಿನ ಥರದ ಒಂದೇ ಪಟ್ಟಿ ಕಟ್ಟಿ ಮಧ್ಯದಿಂದ ಎಳೀರಿ. ಆ ಪಟ್ಟಿಯ ಒಂದೊಂದು ಕಾಲೂ ಎರಡು ಹುಕ್ಕಿನ ಮಧ್ಯದ ಅಂತರಕ್ಕಿಂತ ಉದ್ದ ಇರ್ಬೇಕು. ಸಮ ಇದ್ರೆ ಮಧ್ಯದ ಕೋನ 60 ಡಿಗ್ರಿ, ಒಂದೊಂದು ಹುಕ್ಕಿಗೆ ಒಟ್ಟು ಎಳೆತದ 58 ಪರ್ಸೆಂಟ್ ಬೀಳುತ್ತೆ. ಪಟ್ಟಿ ಗಿಡ್ಡ ಆಗಿ ಕೋನ 120 ಆದ್ರೆ ಒಂದೊಂದು ಹುಕ್ಕಿಗೂ ಪೂರ್ತಿ ಎಳೆತ, ಜೊತೆಗೆ ಎರಡೂ ಚಾಸಿ ತುದಿ ಒಳಕ್ಕೆ ಹಿಂಡುತ್ತೆ. ಆ ಹಿಂಡೋದನ್ನ ತಡೆಯೋಕೆ ಮಧ್ಯ ಒಂದು ಅಡ್ಡ ಪೈಪು ಅಥವಾ ಚಾನೆಲ್ ಬೇಕೇ ಬೇಕು, ಎರಡು ತುದಿ ಒಂದೇ ಮೈ ಆಗ್ಬೇಕು.

ವಿಂಚ್ ಹಾಕಿಸೋ ತೊಟ್ಟಿಲು ಇದ್ಯಲ್ಲ, ಅದನ್ನೇ ಈ ಅಡ್ಡ ಪೈಪಿನ ಬದಲು ಮಾಡ್ಕೋಬೋದು, ಎರಡೂ ಕೆಲಸ ಒಂದರಲ್ಲೇ ಆಗುತ್ತೆ. 12,000 ಪೌಂಡ್ ಅಂದ್ರೆ 5,443 ಕೆಜಿ. ನಿಮ್ಮ ಗಾಡಿ ಲೋಡ್ ಸಮೇತ ಮೂರು ಟನ್ ಹತ್ರ, ಅದರ ಒಂದೂವರೆ ಪಟ್ಟು ಅಂದ್ರೆ ನಾಲ್ಕೂವರೆ ಟನ್, ಹಂಗಾಗಿ ವಿಂಚ್ ಆಯ್ಕೆ ಸರಿ ಇದೆ. ಆದ್ರೆ ಆ 5,443 ಡ್ರಮ್ಮಿನ ಮೇಲೆ ಒಂದೇ ಸುತ್ತಿನ ಪದರ ಉಳಿದಾಗ ಮಾತ್ರ, ಹಗ್ಗ ಪದರ ಪದರ ತುಂಬಿದಂಗೆ ಎಳೆತ ಕಮ್ಮಿ ಆಗ್ತಾ ಹೋಗುತ್ತೆ. ಗಾಲಿ ಮುಳುಗೋ ಕೆಸರಲ್ಲಿ ಗಾಡಿ ತೂಕದಷ್ಟೇ ಎಳೆತ ಬೇಕು, ಮಡ್‌ಗಾರ್ಡ್ ತನಕ ಕೂತ್ರೆ ಎರಡು ಪಟ್ಟು ಅಂತ ಲೆಕ್ಕ. ಅಂಥಾ ಹೊತ್ತಲ್ಲಿ ಸ್ನ್ಯಾಚ್ ಬ್ಲಾಕ್, ನಮ್ಮೋರು ಗಡಗಡೆ ಅನ್ನೋದು, ಮರಕ್ಕೆ ಕಟ್ಟಿ ಹಗ್ಗ ವಾಪಸ್ ಗಾಡಿಗೇ ತಂದ್ರೆ ಎಳೆತ ಎರಡು ಪಟ್ಟು, ವೇಗ ಅರ್ಧ. ಗಮನ ಇಡಿ, ಆ ಹಗ್ಗದ ತುದಿ ಹಾಕೋದು ನಿಮ್ಮ ರಿಕವರಿ ಪಾಯಿಂಟಿಗೇ, ಅದರ ಮೇಲೂ ವಿಂಚಿನ ಪೂರ್ತಿ ಎಳೆತ, ಐದು ಟನ್ ಮೇಲೆ, ಬೀಳುತ್ತೆ. ಹಂಗಾಗಿ ಪಾಯಿಂಟ್ ಸರಿ ಮಾಡದೆ ವಿಂಚ್ ಮಾತ್ರ ಹಾಕ್ಸಿದ್ರೆ ಅರ್ಧ ಕೆಲಸ.

ತೊಟ್ಟಿಲಿನ ಪ್ಲೇಟು ಬರೀ ಚಪ್ಪಟೆ ಬೇಡ, ಮುಂದೆ ಹಿಂದೆ ಮಡಚಿರೋದು ಮಾಡ್ಸಿ, ಇಲ್ಲಾಂದ್ರೆ ಬಾಗುತ್ತೆ. ಈ ಅಳತೆಯ ಬಹಳಷ್ಟು ವಿಂಚುಗಳಿಗೆ ನಾಲ್ಕು ಬೋಲ್ಟು, 254 ಎಂಎಂ ಮತ್ತು 114.3 ಎಂಎಂ ಅಂತರ. ಬೋಲ್ಟು 8.8 ಅಥವಾ ಮೇಲಿನ ಗ್ರೇಡು, ಉದ್ದ ಮಾತ್ರ ಕಂಪನಿ ಕೊಟ್ಟಷ್ಟೇ, ಉದ್ದ ಜಾಸ್ತಿ ಆದ್ರೆ ತಳ ಮುಟ್ಟಿ ಬಿಗಿಯಾದಂಗೆ ಅನ್ಸುತ್ತೆ, ವಿಂಚ್ ಒಳಗೊಳಗೇ ಅಲ್ಲಾಡ್ತಿರುತ್ತೆ. ಆ ಬೋಲ್ಟಿಗೆ ವೆಲ್ಡಿಂಗ್ ಚುಕ್ಕೆ ಹಾಕ್ಸ್ಬೇಡಿ. ಹೊಸ ಗಾಡಿಗಳಲ್ಲಿ ಚಾಸಿ ಮುಂದೆ ಬಂಪರ್ ಹಿಡಿಯೋ ಒಂದು ತೆಳು ಡಬ್ಬಿ ಇರುತ್ತೆ, ಅಪಘಾತ ಆದಾಗ ಅದು ನುಜ್ಜುಗುಜ್ಜಾಗಿ ಒಳಗಿರೋರನ್ನ ಉಳಿಸ್ಲಿ ಅಂತ ಇಟ್ಟಿರೋದು. ವಿಂಚ್ ಭಾರ ಅದರ ಮೇಲೆ ಹಾಕೋದೂ ತಪ್ಪು, ಅದನ್ನ ಪ್ಲೇಟು ಹಾಕಿ ಗಟ್ಟಿ ಮಾಡೋದು ಇನ್ನೂ ದೊಡ್ಡ ತಪ್ಪು. ಅದರ ಹಿಂದಿನ ನಿಜವಾದ ಚಾಸಿಗೇ ಹೋಗಿ ಹಿಡೀರಿ. ಏರ್‌ಬ್ಯಾಗ್ ಇರೋ ಗಾಡಿಗೆ ಇದು ಇನ್ನೂ ಮುಖ್ಯ.

ಕಾನೂನೂ ಹೇಳ್ಬಿಡ್ತೀನಿ. ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ತೆಗೆಸಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಲ್ಲೇ ರಾಜ್ಯಗಳಿಗೆ ಬರೆದಿದೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಧಾರದ ಮೇಲೆ. ಅನುಮತಿ ಇಲ್ಲದ ಬದಲಾವಣೆಗೆ 2019ರ ತಿದ್ದುಪಡಿ ಆದ ಮೇಲೆ ಓನರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳ ತನಕ ಜೈಲು ಅಥವಾ ಎರಡೂ ಇದೆ. ಚಾಸಿಗೆ ಕೈ ಹಾಕೋ ಮುಂಚೆ ದಾವಣಗೆರೆ ಆರ್‌ಟಿಓ ಆಫೀಸಲ್ಲೂ ಇನ್ಶೂರೆನ್ಸಿನವರ ಹತ್ರಾನೂ ಕೇಳಿ.

ಕೊನೆಗೆ ಇನ್ನೊಂದು. ಗಾಡಿ ಎಳೆಯೋ ಹೊತ್ತಿಗೆ ನಮ್ಮೂರಲ್ಲಿ ಜಾತ್ರೆ ಸೇರುತ್ತೆ, ಮಕ್ಕಳು ಹಗ್ಗದ ಪಕ್ಕದಲ್ಲೇ ನಿಂತಿರ್ತಾರೆ. ನಿಮ್ಮ ಹುಕ್ಕು ಹಾರಿದ ದಾರೀಲಿ ಯಾರೂ ಇರ್ಲಿಲ್ಲ ಅಷ್ಟೇ. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರಕ್ಕೆ ಎಲ್ಲಾರನ್ನೂ ಕಳ್ಸದೆ ವಿಂಚ್ ಬಟನ್ ಒತ್ತಬೇಡಿ, ಬೈದಾದ್ರೂ ಕಳ್ಸಿ.

ಪ್ರಶ್ನೆ: ಅಣ್ಣ, ಲಾರಿ ಲೀಫ್ ಸ್ಪ್ರಿಂಗ್ ಪಟ್ಟಿ ಬಹಳ ಗಟ್ಟಿ ಅಲ್ವಾ, ಅದರಲ್ಲೇ ಹುಕ್ಕು ಮಾಡಿ ವೆಲ್ಡ್ ಮಾಡ್ಸಿದ್ರೆ ಹೆಂಗೆ? ಗುಜರಿಯಲ್ಲಿ ಕಮ್ಮಿಗೆ ಸಿಗುತ್ತೆ. (ಹೊಸದುರ್ಗ)

ಉತ್ತರ: ಬೇಡ. ಗಟ್ಟಿ ಇರೋದು ನಿಜ, ಆದ್ರೆ ಅದರಲ್ಲಿ ಇಂಗಾಲ ಜಾಸ್ತಿ, ವೆಲ್ಡಿಂಗ್ ಶಾಖಕ್ಕೆ ಪಕ್ಕದ ಜಾಗ ಗಾಜಿನಂಗೆ ಪೆಡಸಾಗುತ್ತೆ, ಬಾಗದೆ ಒಂದೇ ಸಲ ಪಟ್ ಅಂತ ಮುರಿಯುತ್ತೆ. ಟಿಎಂಟಿ ಕಂಬಿ ಬಗ್ಗಿಸಿ ಕೊಂಡಿ ಮಾಡಿರೋ ಗಾಡಿನೂ ನೋಡಿದೀನಿ, ಅದೂ ಬೇಡ, ಕಂಬಿಯ ಶಕ್ತಿ ಇರೋದು ಅದರ ಹೊರಮೈಲಿ, ಬೆಂಕಿ ತಾಗಿದ್ರೆ ಅದು ಹೋಯ್ತು. ಸಾಧಾರಣ ಮೈಲ್ಡ್ ಸ್ಟೀಲ್, ಐಎಸ್ 2062 ಗುರುತಿನ ಪ್ಲೇಟು ತಗೊಳ್ಳಿ. ಅದು ಮುರಿಯೋ ಮುಂಚೆ ಬಾಗುತ್ತೆ, ಬಾಗಿದ್ದು ಕಣ್ಣಿಗೆ ಕಾಣುತ್ತೆ.

ಪ್ರಶ್ನೆ: ಬಂಪರಲ್ಲಿ ಸಣ್ಣ ಮುಚ್ಚಳ ತೆಗೆದು ತಿರುಗಿಸಿ ಹಾಕೋ ರಿಂಗ್ ಕೊಟ್ಟಿದಾರೆ, ಅದರಲ್ಲಿ ಕೆಸರಿಂದ ಎಳಿಬೋದಾ? (ಹಿರಿಯೂರು)

ಉತ್ತರ: ಇಲ್ಲ. ಕೆಟ್ಟು ನಿಂತ ಗಾಡಿನ ಟಾರ್ ರೋಡಲ್ಲಿ ನೇರಕ್ಕೆ ಎಳ್ಕೊಂಡು ಹೋಗೋಕೆ ಮಾತ್ರ ಅದು. ಪಕ್ಕಕ್ಕೆ ಎಳೆದ್ರೆ ಬಾಗುತ್ತೆ. ಹಿಂದೆ ಟ್ರೇಲರ್ ಸಿಗಿಸೋ ಟೋ ಬಾಲಿಗೂ ಇದೇ ಮಾತು, ಅದಕ್ಕೆ ಹಗ್ಗ ಹಾಕಿ ಜಗ್ಗಿ ಬಾಲು ಕಿತ್ತು ಗುಂಡಿನಂಗೆ ಹಾರಿ ಜನ ಸತ್ತಿರೋದು ಉಂಟು.

ಪ್ರಶ್ನೆ: ವಿಂಚಿಗೆ ಸ್ಟೀಲ್ ರೋಪ್ ಒಳ್ಳೇದೋ ಪ್ಲಾಸ್ಟಿಕ್ ಥರದ್ದೋ? ನಮ್ಮ ಕಡೆ ಬರೀ ಮರಳು, ಕಲ್ಲು. ಇನ್ನೊಂದು, ಬಯಲಲ್ಲಿ ಮರನೇ ಇರಲ್ಲ, ಹಗ್ಗ ಯಾವುದಕ್ಕೆ ಕಟ್ಟೋದು? (ಚಳ್ಳಕೆರೆ)

ಉತ್ತರ: ಸಿಂಥೆಟಿಕ್ ಹಗುರ, ಕಡಿದ್ರೆ ಸ್ಟೀಲಿನಷ್ಟು ಜೋರಾಗಿ ಬೀಸಲ್ಲ, ನಾನು ಅದನ್ನೇ ಹೇಳ್ತೀನಿ. ಆದ್ರೆ ಮರಳು ಎಳೆ ಎಳೆ ಒಳಗೆ ಸೇರಿ ಒಳಗಿಂದಲೇ ಕೊಯ್ಯುತ್ತೆ, ಹಂಗಾಗಿ ಬಳಸಿದ ಮೇಲೆ ಪೂರ್ತಿ ಬಿಚ್ಚಿ ಬಕೆಟ್ ನೀರಲ್ಲಿ ಅದ್ದಿ ತೊಳೆದು ನೆರಳಲ್ಲಿ ಒಣಗಿಸ್ಬೇಕು, ಕಲ್ಲಿಗೆ ಉಜ್ಜೋ ಕಡೆ ಹಗ್ಗಕ್ಕೆ ಅಂಗಿ ತೋಳಿನ ಥರದ ಕವರ್ ಹಾಕ್ಬೇಕು. ಅಷ್ಟು ಆರೈಕೆ ಆಗಲ್ಲ ಅಂದ್ರೆ ಸ್ಟೀಲೇ ಇಡಿ, ಚರ್ಮದ ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಎಳೆಯೋವಾಗ ಹಗ್ಗದ ಮಧ್ಯಕ್ಕೆ ಒದ್ದೆ ಗೋಣಿಚೀಲ ಹಾಕಿ.

ಕಟ್ಟೋ ವಿಷಯ. ಚಿತ್ರದುರ್ಗ ಸೀಮೆಯ ಬಂಡೆ ಇದ್ಯಲ್ಲ, ಅದಕ್ಕಿಂತ ಒಳ್ಳೆ ಆಧಾರ ಇಲ್ಲ, ಆದ್ರೆ ನೆಲದಿಂದ ಎದ್ದ ಬಂಡೆ ಯಾವುದು, ಮೇಲೆ ಸುಮ್ಮನೆ ಕೂತ ಗುಂಡು ಯಾವುದು ಅಂತ ನೋಡ್ಬೇಕು, ಗುಂಡು ಉರುಳಿ ಬರುತ್ತೆ. ಪಟ್ಟಿಯನ್ನ ಬಂಡೆ ಬುಡಕ್ಕೆ ಸುತ್ತಿ. ಕರೆಂಟ್ ಕಂಬ, ಗಾಳಿಯಂತ್ರದ ಆವರಣದ ಬೇಲಿ ಕಂಬ ಮುಟ್ಟಬೇಡಿ. ಜೋಗಿಮಟ್ಟಿ ಕಡೆ ಹೋಗ್ತೀರಾದ್ರೆ ಅದು ವನ್ಯಜೀವಿಧಾಮ, ರಸ್ತೆ ಬಿಟ್ಟು ಇಳಿಯೋದೇ ಬೇಡ.

ಬಂಡೆನೂ ಇಲ್ಲ ಅಂದ್ರೆ ಸ್ಟೆಪ್ನಿ ಹೂಳಿ. ಎಳೆಯೋ ದಿಕ್ಕಿಗೆ ಅಡ್ಡಡ್ಡವಾಗಿ ಕಿರಿದಾದ ಗುಂಡಿ, ಗಾಲಿ ನಿಲ್ಲಿಸಿದ್ರೆ ಪೂರ್ತಿ ಮುಳುಗೋ ಆಳ. ಮಧ್ಯದಿಂದ ಗಾಡಿ ಕಡೆಗೆ ಹಗ್ಗ ಬರೋಕೆ ಇಳಿಜಾರಾಗಿ ಕಾಲುವೆ ತೆಗೀರಿ, ಇಲ್ಲಾಂದ್ರೆ ಹಗ್ಗ ಗಾಲಿನ ಮೇಲಕ್ಕೆ ಎತ್ತಿಬಿಡುತ್ತೆ. ರಿಮ್ಮಿನ ಹಿಂದೆ ದಪ್ಪ ಕಬ್ಬಿಣದ ರಾಡು ಅಡ್ಡ ಇಟ್ಟು ಪಟ್ಟಿನ ಅದಕ್ಕೆ ಸುತ್ತಿ ಮಧ್ಯದ ತೂತಿಂದ ಈಚೆ ತನ್ನಿ, ಮಣ್ಣು ತುಂಬಿ ತುಳೀರಿ. ಮೊದಲು ನಿಧಾನಕ್ಕೆ ಬಿಗಿ ಮಾಡಿ ಗಾಲಿ ಕೂರೋಕೆ ಬಿಡಿ, ಮಣ್ಣು ಉಬ್ಬೋದು ಕಂಡ್ರೆ ನಿಲ್ಲಿಸಿ ಇನ್ನೂ ಆಳಕ್ಕೆ ತೋಡಿ.